ಬಾಡಿಗೆ ಮನೆ ಮಾಲೀಕರ ಗಮನಕ್ಕೆ: ಬಾಡಿಗೆ ಕಾನೂನು, ಕರಾರು ಪತ್ರ ಮತ್ತು ತೆರವಿನ ವಿಧಾನ (ಸರ್ವಜ್ಞನಗರ ಹಾಗೂ ಬೆಂಗಳೂರು ಪೂರ್ವ ಭಾಗ)

1. ಪೀಠಿಕೆ

ಬೆಂಗಳೂರು ದಂಡು ಪ್ರದೇಶ ಹಾಗೂ ಅದರ ಪೂರ್ವಕ್ಕಿರುವ ಶಿವಾಜಿನಗರ, ಹಲಸೂರು, ಇಂದಿರಾನಗರ, ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿ, ಕೃಷ್ಣರಾಜಪುರ ಮುಂತಾದ ಬಡಾವಣೆಗಳಲ್ಲಿ ಅನೇಕ ಕುಟುಂಬಗಳಿಗೆ ಮನೆ ಬಾಡಿಗೆಯೇ ಜೀವನಾಧಾರವಾಗಿದೆ. ನಿವೃತ್ತಿಯ ಹಣದಲ್ಲಿ ಮೇಲಂತಸ್ತು ಕಟ್ಟಿಸಿದವರು, ಪತಿಯ ನಿಧನಾನಂತರ ವಠಾರದ ಬಾಡಿಗೆಯನ್ನೇ ನಂಬಿರುವ ಮಹಿಳೆಯರು, ವಿದೇಶದಲ್ಲಿದ್ದು ಇಲ್ಲಿನ ಮನೆಯನ್ನು ಬಾಡಿಗೆಗೆ ಕೊಟ್ಟವರು ಇವರಲ್ಲಿ ಸೇರಿದ್ದಾರೆ. ಬಾಡಿಗೆ ನಿಂತಾಗ ಅಥವಾ ಬಾಡಿಗೆದಾರರು ಮನೆ ತೆರವು ಮಾಡದಿದ್ದಾಗ ಈ ಮಾಲೀಕರು ಎದುರಿಸುವ ತೊಂದರೆಗೆ ಬಹುಪಾಲು ಎರಡು ಕಾರಣಗಳಿರುತ್ತವೆ: ತಮ್ಮ ಮನೆಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ತಿಳಿಯದಿರುವುದು ಮತ್ತು ದಾಖಲೆಗಳು ಸರಿಯಿಲ್ಲದಿರುವುದು.

ಈ ಪುಟದಲ್ಲಿ ಬಾಡಿಗೆ ಸಂಬಂಧಕ್ಕೆ ಅನ್ವಯಿಸುವ ಕಾನೂನುಗಳು, ಕರಾರು ಪತ್ರದ ನೋಂದಣಿ, ಮುಂಗಡ ಠೇವಣಿ, ಭೋಗ್ಯ ಮತ್ತು ತೆರವಿನ ವಿಧಾನ ಕುರಿತು ಮಾಹಿತಿ ನೀಡಲಾಗಿದೆ. ಮಾಲೀಕರಿಗಾಗಿ ಸಿದ್ಧಪಡಿಸಲಾಗಿದ್ದರೂ ಬಾಡಿಗೆದಾರರಿಗೂ ಇದು ಉಪಯುಕ್ತವಾಗಿರುತ್ತದೆ.

2. ಯಾವ ಕಟ್ಟಡಕ್ಕೆ ಯಾವ ಕಾನೂನು

ರಾಜ್ಯದಲ್ಲಿ ಬಾಡಿಗೆ ಕಟ್ಟಡಗಳಿಗೆ ಮುಖ್ಯವಾಗಿ ಎರಡು ಕಾನೂನುಗಳು ಅನ್ವಯಿಸುತ್ತವೆ.

(ಅ) ಕರ್ನಾಟಕ ಬಾಡಿಗೆ ಅಧಿನಿಯಮ, 1999: 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಅಧಿನಿಯಮದ ಸ್ಥಾನದಲ್ಲಿ ಈ ಅಧಿನಿಯಮವು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿದೆ. ಇದರ ವ್ಯಾಪ್ತಿಗೆ ಬರುವ ಕಟ್ಟಡಗಳಲ್ಲಿ ಅಧಿನಿಯಮದಲ್ಲಿ ಹೇಳಿರುವ ಕಾರಣಗಳ ಹೊರತು ಬೇರೆ ಕಾರಣಕ್ಕೆ ಬಾಡಿಗೆದಾರರನ್ನು ತೆರವುಗೊಳಿಸಲು ಅವಕಾಶವಿಲ್ಲ.

(ಆ) ಸ್ವತ್ತು ವರ್ಗಾವಣೆ ಅಧಿನಿಯಮ, 1882: ಬಾಡಿಗೆ ಅಧಿನಿಯಮದ ವ್ಯಾಪ್ತಿಗೆ ಬಾರದ ಕಟ್ಟಡಗಳಿಗೆ ಇದರ 105ರಿಂದ 117ರವರೆಗಿನ ಪ್ರಕರಣಗಳು ಹಾಗೂ ಉಭಯತರ ನಡುವಿನ ಕರಾರು ಅನ್ವಯಿಸುತ್ತವೆ. ಇಲ್ಲಿ ಅವಧಿ ಮುಗಿದ ನಂತರ ಅಥವಾ ಕ್ರಮಬದ್ಧ ನೋಟೀಸಿನ ನಂತರ ಮಾಲೀಕರು ಬೇರೆ ಕಾರಣ ತೋರಿಸದೆಯೂ ಮನೆಯನ್ನು ಮರಳಿ ಕೇಳಬಹುದು.

ಕೆಳಕಂಡ ಕಟ್ಟಡಗಳು ಬಾಡಿಗೆ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ:

1) ಬೆಂಗಳೂರು ನಗರದಂತಹ ದೊಡ್ಡ ನಗರ ಪ್ರದೇಶಗಳಲ್ಲಿ ಅಧಿನಿಯಮದಂತೆ ಲೆಕ್ಕ ಹಾಕಿದ ಮಾಸಿಕ ಬಾಡಿಗೆಯು ರೂ. 3,500/- ಮೀರಿದ ಕಟ್ಟಡಗಳು. ಅನುಸೂಚಿಯ ಇತರ ಪ್ರದೇಶಗಳಲ್ಲಿ ಈ ಮಿತಿ ರೂ. 2,000/-.
2) ನಿರ್ಮಾಣ ಅಥವಾ ಗಣನೀಯ ನವೀಕರಣ ಪೂರ್ಣಗೊಂಡ ದಿನಾಂಕದಿಂದ 15 ವರ್ಷಗಳವರೆಗಿನ ಕಟ್ಟಡಗಳು.
3) ವಾಸೇತರ ಉದ್ದೇಶದ ಕಟ್ಟಡಗಳು. ಆದರೆ 14 ಚದರ ಮೀಟರ್ (ಸುಮಾರು 150 ಚದರ ಅಡಿ) ಮೀರದ ತಳಪಾಯ ವಿಸ್ತೀರ್ಣದ ಸಣ್ಣ ಅಂಗಡಿಗಳು ಅಧಿನಿಯಮದ ವ್ಯಾಪ್ತಿಯಲ್ಲಿಯೇ ಇರುತ್ತವೆ.
4) ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳಿಗೆ ಸೇರಿದ ಕಟ್ಟಡಗಳು. ಪಾಲಿಕೆಯ ಮಾರುಕಟ್ಟೆ ಮಳಿಗೆಗಳು ಇದಕ್ಕೆ ಉದಾಹರಣೆ.

ಇದರ ಪರಿಣಾಮವಾಗಿ ಕಮ್ಮನಹಳ್ಳಿ, ಎಚ್.ಬಿ.ಆರ್. ಬಡಾವಣೆ, ಇಂದಿರಾನಗರ ಮುಂತಾದ ಕಡೆ ಇತ್ತೀಚಿನ ವರ್ಷಗಳಲ್ಲಿ ಬಾಡಿಗೆಗೆ ಕೊಟ್ಟ ಬಹುತೇಕ ಮನೆಗಳು ಸ್ವತ್ತು ವರ್ಗಾವಣೆ ಅಧಿನಿಯಮಕ್ಕೆ ಒಳಪಡುತ್ತವೆ. ದಂಡು ಪ್ರದೇಶದ ಹಳೆಯ ವಠಾರಗಳು, ಬಂಗಲೆಗಳ ಔಟ್‌ಹೌಸುಗಳು ಮತ್ತು ದಶಕಗಳ ಹಿಂದಿನ ಅಲ್ಪ ಬಾಡಿಗೆಯಲ್ಲಿಯೇ ಮುಂದುವರಿದಿರುವ ಸಣ್ಣ ಅಂಗಡಿಗಳು ಬಾಡಿಗೆ ಅಧಿನಿಯಮದ ವ್ಯಾಪ್ತಿಯಲ್ಲಿರುವ ಸಾಧ್ಯತೆ ಹೆಚ್ಚು. ಒಂದೇ ನಿವೇಶನದಲ್ಲಿ ಹಿಂಬದಿಯ ಹಳೆಯ ಮನೆಗೆ ಒಂದು ಕಾನೂನು, ಮುಂಬದಿಯ ಹೊಸ ಮಹಡಿಗೆ ಇನ್ನೊಂದು ಕಾನೂನು ಅನ್ವಯಿಸಬಹುದು. ಆದ್ದರಿಂದ ನೋಟೀಸು ನೀಡುವ ಮೊದಲು ಇದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ. ತಪ್ಪು ಕಾನೂನಿನಡಿ ಹೂಡಿದ ಪ್ರಕರಣವು ವರ್ಷಗಳ ನಂತರ ವಜಾಗೊಳ್ಳಬಹುದು.

ಮಾದರಿ ಬಾಡಿಗೆ ಕಾಯ್ದೆ, 2021: ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಅನುಮೋದಿಸಿದ ಈ ಕಾಯ್ದೆಯು ರಾಜ್ಯಗಳಿಗೆ ಮಾದರಿಯಾಗಿ ಕಳುಹಿಸಿದ ಕರಡು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆಂಬ ನಿಯಮ ಇದರಲ್ಲಿದೆ. ರಾಜ್ಯ ವಿಧಾನಮಂಡಲವು ತನ್ನದೇ ಕಾನೂನನ್ನಾಗಿ ಅಂಗೀಕರಿಸದ ಹೊರತು ಮಾದರಿ ಕಾಯ್ದೆಯ ನಿಯಮಗಳು ತಾವಾಗಿಯೇ ಜಾರಿಗೆ ಬರುವುದಿಲ್ಲ.

3. ಬಾಡಿಗೆ ಕರಾರು ಪತ್ರ

3.1 ಹನ್ನೊಂದು ತಿಂಗಳ ಕರಾರು

ನೋಂದಣಿ ಅಧಿನಿಯಮ, 1908ರ 17ನೇ ಪ್ರಕರಣದಂತೆ ವರ್ಷದಿಂದ ವರ್ಷಕ್ಕೆ ನಡೆಯುವ, ಒಂದು ವರ್ಷ ಮೀರಿದ ಅವಧಿಯ ಅಥವಾ ವಾರ್ಷಿಕ ಬಾಡಿಗೆ ಗೊತ್ತುಪಡಿಸಿದ ಗುತ್ತಿಗೆ ಪತ್ರಗಳನ್ನು ಕಡ್ಡಾಯವಾಗಿ ನೋಂದಾಯಿಸತಕ್ಕದ್ದು. 11 ತಿಂಗಳ ಕರಾರಿನ ರೂಢಿಗೆ ಇದೇ ಕಾರಣ. ಆದರೆ ಬಾಡಿಗೆ ಅಧಿನಿಯಮದ ವ್ಯಾಪ್ತಿಯ ಕಟ್ಟಡಗಳಿಗೆ ಅದರ 4ನೇ ಪ್ರಕರಣದಂತೆ ಲಿಖಿತ ಕರಾರು ಹಾಗೂ ಅದರ ನೋಂದಣಿ ಅಗತ್ಯ.

ಮೂರು ಅಥವಾ ಐದು ವರ್ಷಗಳ ಕರಾರನ್ನು ನೋಂದಾಯಿಸದೆ ಬರೆದುಕೊಂಡಲ್ಲಿ ಅದರ ಅವಧಿಯನ್ನು ನ್ಯಾಯಾಲಯದಲ್ಲಿ ಸಾಧಿಸಲು ಬರುವುದಿಲ್ಲ. ಆಂಥೊನಿ ವಿರುದ್ಧ ಕೆ.ಸಿ. ಇಟ್ಟೂಪ್ ಅಂಡ್ ಸನ್ಸ್ (2000) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಐದು ವರ್ಷಗಳ ನೋಂದಾಯಿಸದ ಗುತ್ತಿಗೆ ಪತ್ರ ಊರ್ಜಿತವಾಗದಿದ್ದರೂ ಸ್ವಾಧೀನ ನೀಡಿ ಬಾಡಿಗೆ ಸ್ವೀಕರಿಸಿದ್ದರಿಂದ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಸಂಬಂಧ ಏರ್ಪಡುತ್ತದೆ ಎಂದು ತೀರ್ಮಾನಿಸಿದೆ.

3.2 ಕರಾರಿನಲ್ಲಿ ಇರಬೇಕಾದ ಅಂಶಗಳು

1) ಮನೆಯ ವಿಳಾಸ, ಚಕ್ಕುಬಂದಿ, ಅಂತಸ್ತು, ಖಾತಾ ಹಾಗೂ ವಿದ್ಯುತ್ ಆರ್.ಆರ್. ಸಂಖ್ಯೆ
2) ಅವಧಿ, ಆರಂಭದ ದಿನಾಂಕ, ಬಾಡಿಗೆ ಮೊತ್ತ, ಪಾವತಿಯ ದಿನಾಂಕ ಮತ್ತು ವಿಧಾನ
3) ನವೀಕರಣದ ಸಂದರ್ಭದಲ್ಲಿ ಬಾಡಿಗೆ ಏರಿಕೆಯ ಪ್ರಮಾಣ
4) ಠೇವಣಿ ಮೊತ್ತ, ಮರುಪಾವತಿಯ ದಿನ, ಕಡಿತಕ್ಕೆ ಅವಕಾಶವಿರುವ ಬಾಬ್ತುಗಳು
5) ನೀರು, ವಿದ್ಯುತ್, ನಿರ್ವಹಣಾ ವೆಚ್ಚಗಳನ್ನು ಭರಿಸುವವರು
6) ವಾಸ ಅಥವಾ ವಾಣಿಜ್ಯ ಎಂಬ ಉದ್ದೇಶ
7) ಒಳಬಾಡಿಗೆ ನಿಷೇಧ
8) ಇಬ್ಬರೂ ನೀಡಬೇಕಾದ ನೋಟೀಸಿನ ಅವಧಿ
9) ಮನೆಯಲ್ಲಿರುವ ಸಾಮಗ್ರಿಗಳ ಪಟ್ಟಿ ಹಾಗೂ ಅವುಗಳ ಸ್ಥಿತಿ

ಒಳಬಾಡಿಗೆಯ ಷರತ್ತಿನ ಬಗ್ಗೆ ವಿಶೇಷ ಗಮನ ಅಗತ್ಯ. ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣದಂತೆ, ಕರಾರಿನಲ್ಲಿ ವ್ಯತಿರಿಕ್ತ ಷರತ್ತು ಇಲ್ಲದಿದ್ದಲ್ಲಿ ಬಾಡಿಗೆದಾರರು ಒಳಬಾಡಿಗೆಗೆ ಕೊಡಬಹುದಾಗಿದೆ.

3.3 ಮುದ್ರಾಂಕ ಶುಲ್ಕ

ಕರಾರು ಪತ್ರಕ್ಕೆ ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರಂತೆ ಅವಧಿ, ಬಾಡಿಗೆ ಹಾಗೂ ಠೇವಣಿಯನ್ನು ಆಧರಿಸಿ ಶುಲ್ಕ ಪಾವತಿಸಬೇಕು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಯಾವುದೋ ಮೌಲ್ಯದ ಛಾಪಾ ಕಾಗದ ಸಾಕೆಂದು ಭಾವಿಸಬಾರದು. ಕಡಿಮೆ ಶುಲ್ಕ ಪಾವತಿಸಿದ ಪತ್ರವನ್ನು ಸದರಿ ಅಧಿನಿಯಮದ 34ನೇ ಪ್ರಕರಣದಂತೆ ಕೊರತೆ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಪಾವತಿಸುವವರೆಗೆ ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. ಕರ್ನಾಟಕದಿಂದಲೇ ಹೋದ ಗಂಗಪ್ಪ ವಿರುದ್ಧ ಫಕ್ಕೀರಪ್ಪ (2018) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿಚಾರಣಾ ನ್ಯಾಯಾಲಯಕ್ಕೆ ಈ ದಂಡವನ್ನು ಕಡಿಮೆ ಮಾಡುವ ವಿವೇಚನೆ ಇಲ್ಲವೆಂದು ಹೇಳಿದೆ.

ಉದಾಹರಣೆ: ಪತ್ರದಲ್ಲಿ ಕೊರತೆ ಬಿದ್ದ ಶುಲ್ಕ ರೂ. 400/- ಆಗಿದ್ದರೆ, ದಂಡ ರೂ. 4,000/- ಸೇರಿ ಒಟ್ಟು ರೂ. 4,400/- ಪಾವತಿಸಬೇಕಾಗುತ್ತದೆ. ಭೋಗ್ಯದಂತಹ ದೊಡ್ಡ ಮೊತ್ತದ ಪತ್ರಗಳಲ್ಲಿ ಈ ಹೊರೆ ಲಕ್ಷಗಳಿಗೆ ಏರಬಹುದು.

3.4 ನೋಂದಣಿ ವಿಧಾನ

ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಖಾತೆ ತೆರೆದು, ಉಭಯತರ ಹಾಗೂ ಸ್ವತ್ತಿನ ವಿವರ ತುಂಬಿ, ಕರಡು ಪತ್ರವನ್ನು ಸಲ್ಲಿಸಬೇಕು. ಉಪನೋಂದಣಾಧಿಕಾರಿಗಳ ಪರಿಶೀಲನೆಯ ನಂತರ ತಂತ್ರಾಂಶವೇ ಲೆಕ್ಕ ಹಾಕಿ ತೋರಿಸುವ ಮುದ್ರಾಂಕ ಹಾಗೂ ನೋಂದಣಿ ಶುಲ್ಕವನ್ನು ಆನ್‌ಲೈನ್ ಮೂಲಕ ಪಾವತಿಸಿ, ದಿನಾಂಕ ಮತ್ತು ವೇಳೆ ಕಾಯ್ದಿರಿಸಬೇಕು. ನಿಗದಿತ ದಿನ ಉಭಯತರು ಸಾಕ್ಷಿಗಳೊಂದಿಗೆ, ಗುರುತಿನ ದಾಖಲೆ ಹಾಗೂ ಸ್ವತ್ತಿನ ದಾಖಲೆಗಳೊಡನೆ ಹಾಜರಾಗತಕ್ಕದ್ದು. ಈ ಭಾಗವು ಶಿವಾಜಿನಗರ ನೋಂದಣಿ ಜಿಲ್ಲೆಗೆ ಸೇರಿದ್ದು, ಶಿವಾಜಿನಗರ, ಹಲಸೂರು, ಇಂದಿರಾನಗರ, ಬಾಣಸವಾಡಿ, ಕೃಷ್ಣರಾಜಪುರ ಮುಂತಾದ ಕಡೆ ಉಪನೋಂದಣಿ ಕಛೇರಿಗಳಿವೆ.

4. ಮುಂಗಡ ಠೇವಣಿ ಮತ್ತು ಭೋಗ್ಯ

4.1 ಮುಂಗಡ ಠೇವಣಿ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವುದು ಬಹುಕಾಲದ ರೂಢಿ. ಈ ಹಣ ಮಾಲೀಕರ ಆದಾಯವಲ್ಲ. ಮನೆ ಖಾಲಿಯಾದ ದಿನ ಮರಳಿಸಬೇಕಾದ ಹೊಣೆ. ಬಾಕಿ ಬಾಡಿಗೆ, ಪಾವತಿಯಾಗದ ವಿದ್ಯುತ್ ಮತ್ತು ನೀರಿನ ಬಿಲ್ಲು ಹಾಗೂ ಸಾಮಾನ್ಯ ಬಳಕೆಯ ಸವಕಳಿಯನ್ನು ಮೀರಿದ ಹಾನಿಯ ವೆಚ್ಚವನ್ನು ಲೆಕ್ಕ ತೋರಿಸಿ ಕಡಿತಗೊಳಿಸಬಹುದು. ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ಪದ್ಧತಿಗೆ ಕರಾರಿನಲ್ಲಿ ಷರತ್ತು ಇದ್ದರೆ ಮಾತ್ರ ಆಧಾರವಿರುತ್ತದೆ. ರೂ. 20,000/- ಅಥವಾ ಅದಕ್ಕೂ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುವುದರಿಂದ ಬ್ಯಾಂಕಿನ ಮೂಲಕವೇ ವ್ಯವಹರಿಸಬೇಕು.

4.2 ಭೋಗ್ಯ

ದೊಡ್ಡ ಮೊತ್ತವನ್ನು ಒಮ್ಮೆಗೇ ಪಡೆದು, ಮಾಸಿಕ ಬಾಡಿಗೆ ಇಲ್ಲದೆ ಮನೆ ಕೊಟ್ಟು, ಅವಧಿಯ ನಂತರ ಮೊತ್ತವನ್ನು ಮರಳಿಸುವ ವ್ಯವಹಾರವನ್ನು ಜನರು ಭೋಗ್ಯ ಅಥವಾ ಲೀಸ್ ಎನ್ನುತ್ತಾರೆ. ಪತ್ರದ ಶೀರ್ಷಿಕೆ ಏನೇ ಇರಲಿ, ಅದರ ಒಕ್ಕಣೆಯನ್ನು ನೋಡಿ ನ್ಯಾಯಾಲಯವು ಅದು ಗುತ್ತಿಗೆಯೋ ಅಡಮಾನವೋ ಎಂಬುದನ್ನು ನಿರ್ಧರಿಸುತ್ತದೆ. ಹಣದ ಭದ್ರತೆಗಾಗಿ ಸ್ವಾಧೀನ ನೀಡಿ, ಬಡ್ಡಿಯ ಬದಲಿಗೆ ಅನುಭವಿಸಲು ಬಿಟ್ಟಿದ್ದರೆ ಅದು ಸ್ವತ್ತು ವರ್ಗಾವಣೆ ಅಧಿನಿಯಮದ 58ನೇ ಪ್ರಕರಣದ ಭೋಗ್ಯದ ಅಡಮಾನವಾಗಬಹುದು. ರೂ. 100/- ಅಥವಾ ಹೆಚ್ಚಿನ ಮೊತ್ತದ ಅಂತಹ ಅಡಮಾನವನ್ನು 59ನೇ ಪ್ರಕರಣದಂತೆ ನೋಂದಾಯಿಸಲೇಬೇಕು.

ಭೋಗ್ಯಕ್ಕೆ ಕೊಡುವ ಮಾಲೀಕರು ಮೊತ್ತವನ್ನು ಮರಳಿಸುವ ಮೂಲವನ್ನು ಮೊದಲೇ ಯೋಚಿಸಿಕೊಳ್ಳುವುದು ಸೂಕ್ತ. ಆ ಹಣವನ್ನು ಮಗಳ ಮದುವೆಗೋ ಮೇಲಂತಸ್ತಿಗೋ ವೆಚ್ಚ ಮಾಡಿ, ಅವಧಿ ಮುಗಿದಾಗ ಹೊಸ ಭೋಗ್ಯದಾರರಿಗಾಗಿ ಕಾಯುವ ಪರಿಸ್ಥಿತಿಯಲ್ಲಿ ಹಣ ನೀಡದೆ ಮನೆ ಬಿಡಿಸಿಕೊಳ್ಳಲು ಬರುವುದಿಲ್ಲ. ಭೋಗ್ಯಕ್ಕೆ ಪಡೆಯುವವರು ಮೊದಲಿಗೆ ಋಣಭಾರ ಪ್ರಮಾಣಪತ್ರ ಪಡೆದು, ಮನೆಯ ಮೇಲೆ ಬ್ಯಾಂಕ್ ಸಾಲವಿದೆಯೇ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಮೊದಲೇ ಅಡಮಾನವಾದ ಮನೆ ಹರಾಜಿಗೆ ಬಂದಲ್ಲಿ ನೋಂದಾಯಿಸದ ಪತ್ರ ಹಿಡಿದವರಿಗೆ ಹಣ ಮರಳಿ ಪಡೆಯುವುದು ಕಷ್ಟವಾಗುತ್ತದೆ.

5. ಬಾಡಿಗೆ ಅವಧಿಯಲ್ಲಿ ಗಮನಿಸಬೇಕಾದ ಅಂಶಗಳು

ರಶೀದಿ: ಪ್ರತಿ ತಿಂಗಳೂ ರಶೀದಿ ನೀಡಿ ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಮಾಲೀಕರಿಗೇ ರಕ್ಷಣೆ. ಬಾಡಿಗೆ ಅಧಿನಿಯಮದ 43ನೇ ಪ್ರಕರಣದಂತೆ, ಮಾಲೀಕ ಮತ್ತು ಬಾಡಿಗೆದಾರ ಎಂಬ ಸಂಬಂಧವನ್ನೇ ಅಲ್ಲಗಳೆದಾಗ ಗುತ್ತಿಗೆ ಪತ್ರ ಅಥವಾ ಮಾಲೀಕರ ಸಹಿಯ ರಶೀದಿಯನ್ನು ನ್ಯಾಯಾಲಯವು ಮೇಲ್ನೋಟದ ಸಾಕ್ಷ್ಯವಾಗಿ ಸ್ವೀಕರಿಸಬಹುದು. ಬಾಯಿಮಾತಿನ ಬಾಡಿಗೆಯಾಗಿದ್ದು ರಶೀದಿಯೂ ಇಲ್ಲದಿದ್ದಲ್ಲಿ, ವಿಚಾರಣೆಯನ್ನು ನಿಲ್ಲಿಸಿ ಸಂಬಂಧವನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಿಕೊಂಡು ಬರುವಂತೆ ಸೂಚಿಸಲಾಗುತ್ತದೆ. ತಂದೆಯ ಕಾಲದಿಂದ ನಂಬಿಕೆಯ ಮೇಲೆ ನಡೆದುಬಂದ ಬಾಡಿಗೆಗಳಲ್ಲಿ ಈ ತೊಡಕು ಹೆಚ್ಚು.

ದುರಸ್ತಿ: ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ನೋಟೀಸಿನ ನಂತರವೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆಯಬಹುದು. ಬಾಡಿಗೆದಾರರು ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು.

ವಿದ್ಯುತ್: ಪ್ರತಿ ಮನೆಗೆ ಪ್ರತ್ಯೇಕ ಮೀಟರ್ ಇರುವುದು ಒಳ್ಳೆಯದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಬಾಡಿಗೆದಾರರೂ ತಾವು ವಾಸಿಸುವ ಮನೆಯ ಸಂಪರ್ಕಕ್ಕೆ ನೋಂದಾಯಿಸಿಕೊಳ್ಳಬಹುದು. ಮನೆ ಬಿಡುವಾಗ ತಮ್ಮ ಜೋಡಣೆಯನ್ನು ರದ್ದುಪಡಿಸುವಂತೆ ಅವರಿಗೆ ತಿಳಿಸಬೇಕು.

ಮಾರಾಟ: ಬಾಡಿಗೆದಾರರಿರುವ ಮನೆಯನ್ನು ಮಾರಿದಲ್ಲಿ ಕೊಂಡವರು ಮಾಲೀಕರ ಸ್ಥಾನಕ್ಕೆ ಬರುತ್ತಾರೆ. ಮಾರಾಟದಿಂದಲೇ ಬಾಡಿಗೆ ಹಕ್ಕು ಕೊನೆಗೊಳ್ಳುವುದಿಲ್ಲ.

6. ತೆರವಿನ ವಿಧಾನ: ಸ್ವತ್ತು ವರ್ಗಾವಣೆ ಅಧಿನಿಯಮದ ಕಟ್ಟಡಗಳು

1) ನೋಟೀಸು: ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ, ಕರಾರಿನಲ್ಲಿ ಬೇರೆ ಅವಧಿ ಹೇಳಿಲ್ಲದಿದ್ದರೆ, 106ನೇ ಪ್ರಕರಣದಂತೆ 15 ದಿನಗಳ ಲಿಖಿತ ನೋಟೀಸು ನೀಡಬೇಕು. ಅವಧಿಯನ್ನು ನೋಟೀಸು ತಲುಪಿದ ದಿನದಿಂದ ಎಣಿಸಲಾಗುತ್ತದೆ. ಉದಾಹರಣೆಗೆ, ಜೂನ್ 4ರಂದು ತಲುಪಿದ ನೋಟೀಸಿನ ಅವಧಿ ಜೂನ್ 19ಕ್ಕೆ ಮುಗಿಯುತ್ತದೆ. ನೋಟೀಸಿಗೆ ಸಹಿ ಇರಬೇಕು. ಅಂಚೆಯ ಮೂಲಕ ಕಳುಹಿಸಬಹುದು ಅಥವಾ ಖುದ್ದಾಗಿ, ಇಲ್ಲವೇ ಮನೆಯಲ್ಲಿರುವ ಕುಟುಂಬದ ಸದಸ್ಯರಿಗೆ ನೀಡಬಹುದು. ಇದು ಸಾಧ್ಯವಾಗದಿದ್ದರೆ ಮನೆಯ ಎದ್ದು ಕಾಣುವ ಭಾಗಕ್ಕೆ ಅಂಟಿಸಬಹುದು. ಕರಾರಿನ ನಿಗದಿತ ಅವಧಿ ಮುಗಿದು, ಬಾಡಿಗೆ ಸ್ವೀಕರಿಸಿ ಮುಂದುವರಿಸಿಲ್ಲದಿದ್ದರೆ ಪ್ರತ್ಯೇಕ ನೋಟೀಸು ಅಗತ್ಯವಿಲ್ಲ. ಆದರೂ ನೀಡುವುದು ಕ್ಷೇಮ.

2) ನೋಟೀಸಿನ ನಂತರದ ಬಾಡಿಗೆ: ನೋಟೀಸಿನ ನಂತರ ಬಾಡಿಗೆಯನ್ನು ಎಂದಿನಂತೆ ಸ್ವೀಕರಿಸಿದರೆ ನೋಟೀಸನ್ನು ಬಿಟ್ಟುಕೊಟ್ಟಂತೆ ಎಂಬ ವಾದಕ್ಕೆ 113ನೇ ಪ್ರಕರಣದಡಿ ಎಡೆಯಾಗುತ್ತದೆ. ಹಣ ಸ್ವೀಕರಿಸುವಾಗ ಅದು ಸ್ವತ್ತಿನ ಬಳಕೆಯ ಪರಿಹಾರವೆಂದೂ ನೋಟೀಸಿಗೆ ಬಾಧಕವಿಲ್ಲವೆಂದೂ ಬರವಣಿಗೆಯಲ್ಲಿ ತಿಳಿಸಬೇಕು.

3) ದಾವೆ: ಬೆಂಗಳೂರು ನಗರದಲ್ಲಿ ಇಂತಹ ತೆರವು ದಾವೆಗಳನ್ನು ಸಾಮಾನ್ಯವಾಗಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಹೂಡಲಾಗುತ್ತದೆ. ಒಡೆತನದ ಪ್ರಶ್ನೆ ಅಡಕವಾಗಿದ್ದರೆ ಸಿವಿಲ್ ನ್ಯಾಯಾಲಯದ ವಿಚಾರಣೆ ಬೇಕಾಗಬಹುದು. ನ್ಯಾಯಾಲಯ ಶುಲ್ಕವನ್ನು ಮನೆಯ ಮಾರುಕಟ್ಟೆ ಬೆಲೆಯ ಮೇಲಲ್ಲ, ದಾವೆಯ ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ ಲೆಕ್ಕ ಹಾಕಲಾಗುತ್ತದೆ.

4) ಕೋರಿಕೆಗಳು: ಸ್ವಾಧೀನದ ಜೊತೆಗೆ ಬಾಕಿ ಬಾಡಿಗೆ ಹಾಗೂ ಅವಧಿ ಮೀರಿ ಉಳಿದುಕೊಂಡ ಕಾಲಕ್ಕೆ ಪರಿಹಾರವನ್ನು ಕೋರಬಹುದು. ಬಾಕಿ ಬಾಡಿಗೆಯನ್ನು ಅದು ಸಲ್ಲಬೇಕಾದ ದಿನದಿಂದ ಮೂರು ವರ್ಷಗಳೊಳಗೆ ಕೇಳಬೇಕು. ಸ್ವಾಧೀನದ ದಾವೆಗೆ ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ 12 ವರ್ಷಗಳ ಕಾಲಮಿತಿ ಇದೆ.

7. ತೆರವಿನ ವಿಧಾನ: ಬಾಡಿಗೆ ಅಧಿನಿಯಮದ ಕಟ್ಟಡಗಳು

ಇಲ್ಲಿ ಮಾಲೀಕರು 27ನೇ ಪ್ರಕರಣದಲ್ಲಿ ಹೇಳಿರುವ ಕಾರಣಗಳಲ್ಲಿ ಒಂದನ್ನಾದರೂ ಸಾಬೀತುಪಡಿಸಬೇಕು. ಮುಖ್ಯ ಕಾರಣಗಳು ಇಂತಿವೆ:

1) ಬಾಕಿ ಬಾಡಿಗೆಗಾಗಿ ತಗಾದೆ ನೋಟೀಸು ನೀಡಿದ ಎರಡು ತಿಂಗಳೊಳಗೆ ಪೂರ್ಣ ಬಾಕಿಯನ್ನು ಪಾವತಿಸದಿರುವುದು
2) ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಟ್ಟಿರುವುದು
3) ಬಾಡಿಗೆಗೆ ಪಡೆದ ಉದ್ದೇಶವನ್ನು ಬಿಟ್ಟು ಬೇರೆ ಉದ್ದೇಶಕ್ಕೆ ಬಳಸಿರುವುದು
4) ಕಟ್ಟಡಕ್ಕೆ ಗಣನೀಯ ಹಾನಿ ಉಂಟುಮಾಡಿರುವುದು
5) ಮಾಲೀಕರಿಗೆ ಅಥವಾ ಅವರ ಕುಟುಂಬಕ್ಕೆ ಆ ಮನೆಯ ನೈಜ ಅಗತ್ಯವಿರುವುದು

ಸಶಸ್ತ್ರ ಪಡೆಗಳಿಂದ ನಿವೃತ್ತರಾದವರು, ಸರ್ಕಾರಿ ನೌಕರರು, ವಿಧವೆಯರು, ವಿಕಲಚೇತನರು ಹಾಗೂ 65 ವರ್ಷ ತುಂಬಿದ ಮಾಲೀಕರು ಸ್ವಂತ ವಾಸಕ್ಕಾಗಿ ತ್ವರಿತವಾಗಿ ಸ್ವಾಧೀನ ಪಡೆಯಲು ಅಧಿನಿಯಮದಲ್ಲಿ ವಿಶೇಷ ಅವಕಾಶಗಳಿವೆ. ಇದು ತಿಳಿಯದೆ ಸಾಮಾನ್ಯ ಕ್ರಮದಲ್ಲಿಯೇ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಹಿರಿಯ ನಾಗರಿಕರಿದ್ದಾರೆ. ಅಂತಹವರು ವಕೀಲರೊಡನೆ ಈ ಅವಕಾಶಗಳ ಬಗ್ಗೆ ಚರ್ಚಿಸುವುದು ಸೂಕ್ತ.

ಬಾಡಿಗೆದಾರರ ಮರಣಾನಂತರ ಬಾಡಿಗೆ ಹಕ್ಕು 5ನೇ ಪ್ರಕರಣದಂತೆ, ಅವರೊಡನೆ ಮನೆಯಲ್ಲಿಯೇ ವಾಸವಿದ್ದ ಪತಿ ಅಥವಾ ಪತ್ನಿ, ಮಕ್ಕಳು ಮುಂತಾದ ವಾರಸುದಾರರಿಗೆ ನಿಗದಿತ ಕ್ರಮದಲ್ಲಿ ಐದು ವರ್ಷಗಳವರೆಗೆ ಮಾತ್ರ ಬರುತ್ತದೆ. ತಲೆಮಾರುಗಳಿಂದ ನಡೆದುಬಂದ ಬಾಡಿಗೆಗಳಲ್ಲಿ ಮಾಲೀಕರೂ ವಾರಸುದಾರರೂ ಈ ಅವಧಿಯನ್ನು ಗಮನದಲ್ಲಿಡಬೇಕು.

ಬೆಂಗಳೂರು ನಗರದಲ್ಲಿ ತೆರವು ಅರ್ಜಿಯನ್ನು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಸಲ್ಲಿಸತಕ್ಕದ್ದು. ಪ್ರಕರಣ ನಡೆಯುತ್ತಿರುವಾಗಲೂ ಬಾಡಿಗೆದಾರರು ಬಾಡಿಗೆಯನ್ನು ಪಾವತಿಸುತ್ತಿರಬೇಕು. ತಪ್ಪಿದಲ್ಲಿ ಮಾಲೀಕರು 45ನೇ ಪ್ರಕರಣದಡಿ ನ್ಯಾಯಾಲಯದ ಗಮನ ಸೆಳೆಯಬಹುದು.

8. ಮಾಲೀಕರು ಮಾಡಬಾರದ ಕಾರ್ಯಗಳು

1) ನೀರು ಅಥವಾ ವಿದ್ಯುತ್ ಕಡಿತಗೊಳಿಸುವುದು
2) ಬೀಗ ಬದಲಾಯಿಸುವುದು, ಬಾಗಿಲು ಕಿತ್ತುಹಾಕುವುದು, ಸಾಮಾನುಗಳನ್ನು ಹೊರಗೆ ಹಾಕುವುದು
3) ಬೆದರಿಕೆ ಹಾಕುವುದು ಅಥವಾ ಹೊರಗಿನವರ ಮೂಲಕ ಒತ್ತಡ ತರುವುದು

ಕೃಷ್ಣ ರಾಮ್ ಮಹಾಲೆ ವಿರುದ್ಧ ಶೋಭಾ ವೆಂಕಟರಾವ್ (1989) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು, ಅವರಿಗೆ ಅಲ್ಲಿರಲು ಹಕ್ಕಿಲ್ಲದಿದ್ದರೂ, ಕಾನೂನಿನ ಮಾರ್ಗದ ಹೊರತು ಹೊರಹಾಕುವಂತಿಲ್ಲವೆಂದು ಹೇಳಿದೆ. ಬಲವಂತವಾಗಿ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಪ್ರಕರಣದಂತೆ ಆರು ತಿಂಗಳೊಳಗೆ ದಾವೆ ಹೂಡಿ, ಒಡೆತನದ ಪ್ರಶ್ನೆ ಏಳದೆಯೇ ಸ್ವಾಧೀನವನ್ನು ಮರಳಿ ಪಡೆಯಬಹುದು. ಹಾಗಾದಲ್ಲಿ ಮಾಲೀಕರು ಮೊದಲಿನ ಸ್ಥಿತಿಗೆ ಮರಳುವುದಲ್ಲದೆ ಕ್ರಿಮಿನಲ್ ಪ್ರಕರಣವನ್ನೂ ಎದುರಿಸಬೇಕಾಗಬಹುದು. ತೆರವು ಸಿವಿಲ್ ಸ್ವರೂಪದ ವಿಷಯವಾದ್ದರಿಂದ ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರು ಬಾಡಿಗೆದಾರರನ್ನು ಹೊರಹಾಕುವಂತಿಲ್ಲ.

9. ವಿಶೇಷ ಸಂದರ್ಭಗಳು

ವಿದೇಶಿ ಪ್ರಜೆಗಳು: ಕಮ್ಮನಹಳ್ಳಿ, ಬಾಣಸವಾಡಿ, ಹೆಣ್ಣೂರು ಭಾಗದಲ್ಲಿ ವಿದೇಶಿ ವಿದ್ಯಾರ್ಥಿಗಳು ಹೆಚ್ಚಾಗಿ ವಾಸಿಸುತ್ತಾರೆ. ವಿದೇಶಿಯರಿಗೆ ವಸತಿ ನೀಡಿದವರು ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಪಡೆದು, 24 ಗಂಟೆಗಳೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಛೇರಿಗೆ ಆನ್‌ಲೈನ್ ಮೂಲಕ ಮಾಹಿತಿ ಸಲ್ಲಿಸಬೇಕು.

ವಿದೇಶದಲ್ಲಿರುವ ಮಾಲೀಕರು: ಸಂಬಂಧಿಕರ ಮೂಲಕ ಬಾಡಿಗೆ ವ್ಯವಹಾರ ನಡೆಸಲು ಅಧಿಕಾರ ಪತ್ರ ನೀಡಬೇಕು. ವಿದೇಶದಲ್ಲಿ ಬರೆದ ಅಧಿಕಾರ ಪತ್ರಕ್ಕೆ ಅದು ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಪಾವತಿಸತಕ್ಕದ್ದು. ಅನಿವಾಸಿ ಮಾಲೀಕರಿಗೆ ಬಾಡಿಗೆ ನೀಡುವವರು ಮೂಲದಲ್ಲಿ ತೆರಿಗೆ ಕಡಿತಗೊಳಿಸಬೇಕಾಗುತ್ತದೆ.

ಪೇಯಿಂಗ್ ಗೆಸ್ಟ್: ಕೊಠಡಿಯ ಪೂರ್ಣ ಸ್ವಾಧೀನ ನೀಡದೆ ಬಳಕೆಗೆ ಮಾತ್ರ ಅನುಮತಿ ನೀಡುವ ವ್ಯವಸ್ಥೆಯು ಸಾಮಾನ್ಯವಾಗಿ ಗುತ್ತಿಗೆಯಲ್ಲ, ಪರವಾನಗಿ. ಇಂತಹ ಉದ್ಯಮಕ್ಕೆ ಪಾಲಿಕೆಯಿಂದ ಉದ್ದಿಮೆ ಪರವಾನಗಿ ಪಡೆಯಬೇಕು.

ತೆರಿಗೆ: ಬಾಡಿಗೆಗೆ ಕೊಟ್ಟ ಮನೆಗೂ ಸ್ವಂತ ವಾಸದ ಮನೆಗೂ ಆಸ್ತಿ ತೆರಿಗೆಯ ದರ ಬೇರೆಯಾಗಿರುವುದರಿಂದ ಸ್ವಯಂ ಘೋಷಣೆಯಲ್ಲಿ ನಿಜಸ್ಥಿತಿಯನ್ನೇ ತಿಳಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿದ್ದು, ಸರ್ವಜ್ಞನಗರವು ಬೆಂಗಳೂರು ಉತ್ತರ, ಶಿವಾಜಿನಗರವು ಕೇಂದ್ರ ಹಾಗೂ ಕೃಷ್ಣರಾಜಪುರವು ಪೂರ್ವ ನಗರ ಪಾಲಿಕೆಗೆ ಸೇರಿವೆ. ಬಾಡಿಗೆ ಆದಾಯಕ್ಕೆ ಆದಾಯ ತೆರಿಗೆ ಲೆಕ್ಕ ಹಾಕುವಾಗ, ಪಾವತಿಸಿದ ಆಸ್ತಿ ತೆರಿಗೆಯನ್ನು ಕಳೆದು ಉಳಿದ ಮೊತ್ತದಲ್ಲಿ ಶೇ. 30ರಷ್ಟು ಕಡಿತ ದೊರೆಯುತ್ತದೆ. ಉದಾಹರಣೆಗೆ, ವಾರ್ಷಿಕ ಬಾಡಿಗೆ ರೂ. 2,40,000/- ಮತ್ತು ಆಸ್ತಿ ತೆರಿಗೆ ರೂ. 10,000/- ಇದ್ದಲ್ಲಿ, ಉಳಿದ ರೂ. 2,30,000/-ರಲ್ಲಿ ರೂ. 69,000/- ಕಡಿತವಾಗಿ ರೂ. 1,61,000/- ಆದಾಯವೆಂದು ಪರಿಗಣಿತವಾಗುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹನ್ನೆರಡು ವರ್ಷ ಬಾಡಿಗೆಗಿದ್ದವರಿಗೆ ಮನೆ ಸೇರಿಹೋಗುತ್ತದೆಯೇ?
ಉತ್ತರ: ಇಲ್ಲ. ಮಾಲೀಕರ ಅನುಮತಿಯಿಂದ ಬಂದ ಬಾಡಿಗೆದಾರರ ಸ್ವಾಧೀನವು ಮಾಲೀಕರಿಗೆ ಪ್ರತಿಕೂಲವಾದ ಸ್ವಾಧೀನವಲ್ಲ. ಬಾಡಿಗೆ ನಡೆಯುತ್ತಿರುವವರೆಗೆ ಬಾಡಿಗೆದಾರರು ಮಾಲೀಕರ ಒಡೆತನವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಾಡಿಗೆ ಸಂಬಂಧ ಕೊನೆಗೊಂಡ ಮೇಲೆ ದಾವೆ ಹೂಡದೆ 12 ವರ್ಷ ಸುಮ್ಮನಿರಬಾರದು.

ಪ್ರಶ್ನೆ: ಕರಾರಿನ ಅವಧಿ ಮುಗಿದ ನಂತರವೂ ಬಾಡಿಗೆ ಪಡೆಯುತ್ತಿದ್ದೇವೆ. ಕರಾರು ಊರ್ಜಿತವೇ?
ಉತ್ತರ: 116ನೇ ಪ್ರಕರಣದಂತೆ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ತೆರವಿಗೆ 15 ದಿನಗಳ ನೋಟೀಸು ಬೇಕಾಗುತ್ತದೆ. ಹೊಸ ಕರಾರು ಬರೆದುಕೊಳ್ಳುವುದು ಸೂಕ್ತ.

ಪ್ರಶ್ನೆ: ಕರಾರು ಪತ್ರವೇ ಇಲ್ಲ. ತೆರವು ಕೇಳಬಹುದೇ?
ಉತ್ತರ: ಕೇಳಬಹುದು. ಬ್ಯಾಂಕ್ ಪಾವತಿ, ರಶೀದಿ, ಪತ್ರ ವ್ಯವಹಾರ ಮುಂತಾದವುಗಳಿಂದ ಬಾಡಿಗೆ ಸಂಬಂಧವನ್ನು ಸಾಬೀತುಪಡಿಸಬೇಕಾಗುತ್ತದೆ.

ಪ್ರಶ್ನೆ: ಬಾಡಿಗೆದಾರರು ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಮರಳಿಲ್ಲ. ಬೀಗ ಒಡೆಯಬಹುದೇ?
ಉತ್ತರ: ಒಡೆಯಬಾರದು. ಬೀಗ ಹಾಗೂ ಒಳಗಿನ ಸಾಮಾನು ಇರುವವರೆಗೆ ಸ್ವಾಧೀನ ಅವರದೇ ಎಂದು ಪರಿಗಣಿಸುವ ಸಂಭವವಿದೆ. ತಿಳಿದಿರುವ ವಿಳಾಸಕ್ಕೆ ಹಾಗೂ ಮನೆಯ ಬಾಗಿಲಿಗೆ ನೋಟೀಸು ನೀಡಿ ನ್ಯಾಯಾಲಯದ ಆದೇಶ ಪಡೆಯಬೇಕು.

ಪ್ರಶ್ನೆ: ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಹಾಕಬಹುದೇ?
ಉತ್ತರ: ವಿದ್ಯಾ ದ್ರೋಲಿಯಾ (2020) ಪ್ರಕರಣದ ತೀರ್ಪಿನಂತೆ, ಸ್ವತ್ತು ವರ್ಗಾವಣೆ ಅಧಿನಿಯಮಕ್ಕೆ ಒಳಪಟ್ಟ ಬಾಡಿಗೆ ವಿವಾದಗಳನ್ನು ಮಧ್ಯಸ್ಥಗಾರರ ಮುಂದೆ ಇಡಬಹುದು. ಬಾಡಿಗೆ ನಿಯಂತ್ರಣ ಕಾನೂನಿನ ವಿಶೇಷ ನ್ಯಾಯಾಲಯದ ವ್ಯಾಪ್ತಿಯ ವಿವಾದಗಳಿಗೆ ಅದು ಅನ್ವಯಿಸದು.

11. ಕಾನೂನು ನೆರವು

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು, ಮಾಲೀಕರಾಗಿರಲಿ ಬಾಡಿಗೆದಾರರಾಗಿರಲಿ, ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಉಚಿತ ಕಾನೂನು ನೆರವು ಪಡೆಯಲು ಅರ್ಹರು. ಸಹಾಯವಾಣಿ ಸಂಖ್ಯೆ: 15100. ಠೇವಣಿ ಮರುಪಾವತಿ, ಬಾಕಿ ಬಾಡಿಗೆ ಮುಂತಾದ ವಿವಾದಗಳನ್ನು ಲೋಕ ಅದಾಲತ್ ಮೂಲಕ ರಾಜಿಯಲ್ಲಿ ಬಗೆಹರಿಸಿಕೊಳ್ಳಬಹುದು. ಅಲ್ಲಿ ನೀಡಿದ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಮಾನ್ಯತೆ ಇದ್ದು, ಅದರ ಮೇಲೆ ಮೇಲ್ಮನವಿ ಇರುವುದಿಲ್ಲ.

ನೆರವು ಕೋರಿ ಬರುವವರು ಕೆಳಕಂಡ ದಾಖಲೆಗಳ ಪ್ರತಿಗಳನ್ನು ತರತಕ್ಕದ್ದು: ಬಾಡಿಗೆ ಕರಾರು ಪತ್ರ, ರಶೀದಿಗಳು ಅಥವಾ ಬ್ಯಾಂಕ್ ಪಾಸ್ ಪುಸ್ತಕ, ಆಸ್ತಿ ತೆರಿಗೆ ರಶೀದಿ, ಖಾತಾ ಪ್ರತಿ, ಕಟ್ಟಡ ಪೂರ್ಣಗೊಂಡ ವರ್ಷವನ್ನು ತೋರಿಸುವ ದಾಖಲೆ, ನೀಡಿದ ನೋಟೀಸು ಮತ್ತು ಅಂಚೆ ಸ್ವೀಕೃತಿ, ಗುರುತಿನ ಚೀಟಿ.

ಸೂಚನೆ: ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ನೀಡಲಾಗಿದೆ. ನಿರ್ದಿಷ್ಟ ಪ್ರಕರಣಗಳಲ್ಲಿ ಆಯಾ ಅಧಿನಿಯಮಗಳ ಹಾಗೂ ಅವುಗಳ ತಿದ್ದುಪಡಿಗಳ ಉಪಬಂಧಗಳೇ ಅಂತಿಮವಾಗಿರುತ್ತವೆ.